ರೊಕ್ಕದ ಕಥೆ ಹೇಳಿದೆ, ಪದಗಳು ಮಾತ್ರ ಮಕ್ಕಳ ಬಾಯಿಗೆ ಬರ್ತಿಲ್ಲ

ಕಲಬುರಗಿ ಟೀಚರ್:
ಎಲ್ಲರಿಗೂ ನಮಸ್ಕಾರ. ಹಳ್ಳಿ ಶಾಲೆಯಲ್ಲಿ ನನ್ನದು ನಲಿ-ಕಲಿ ಕ್ಲಾಸು, ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಸುಮಾರು ಮಕ್ಕಳ ಮನೆಮಾತು ಲಂಬಾಣಿ ಇಲ್ಲವೇ ದಖನಿ. ಹೋದ ವಾರ ಒಂದು ಕಥೆ ಕಟ್ಟಿ ಹೇಳಿದೆ. ಶರಣಬಸವೇಶ್ವರ ಜಾತ್ರೆಗೆ ಹೋದ ಹುಡುಗಿ, ಅಜ್ಜ ಕೊಟ್ಟ 50 ರೂಪಾಯಿ ಖರ್ಚು ಮಾಡುತ್ತಾಳೆ. ಕಥೆಗೆ ಮೊದಲು ವೆಚ್ಚ, ಉಳಿತಾಯ, ಚೌಕಾಸಿ, ಸಾಲ, ದುಂದು ಅಂತ ಹನ್ನೆರಡು ಪದ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿಸಿದ್ದೆ. ಕಥೆ ಕೇಳಿ ಖುಷಿಪಟ್ಟರು. ಮಾರನೇ ದಿನ ಉಳಿತಾಯ ಅಂದರೇನು ಅಂದೆ, ಒಬ್ಬ ಹುಡುಗ "ಉಳ್ಳಾಗಡ್ಡಿ ರೀ" ಅಂದ. ಎಲ್ಲಿ ತಪ್ಪಿದೆ?

ಯಾದಗಿರಿ ಮೇಷ್ಟ್ರು:
ಅಕ್ಕೋರೆ, ಹನ್ನೆರಡು ಜಾಸ್ತಿ ಆಯ್ತು. ಒಂದು ಕಥೆಗೆ ನಾಲ್ಕು ಸಾಕು. ಅರ್ಥವನ್ನು ಮೊದಲೇ ಹೇಳಬೇಡಿ. ಹುಡುಗಿ ಬಳೆ ಅಂಗಡಿ ಮುಂದೆ ನಿಲ್ಲಲಿ, ಅಂಗಡಿಯವಳು 40 ಅನ್ನಲಿ, ಇವಳು "30ಕ್ಕೆ ಕೊಡ್ರಿ" ಅಂತ ಕೈಹಿಡಿದು ಎಳೆಯಲಿ. ಅಲ್ಲಿ ಕಥೆ ನಿಲ್ಲಿಸಿ, ಇದಕ್ಕೇ ಚೌಕಾಸಿ ಅಂತಾರೆ ಅನ್ನಿ. ಮಗು ಆ ಕೆಲಸವನ್ನು ಸಂತೆಯಲ್ಲಿ ಅವ್ವ ಮಾಡೋದು ನೋಡಿರುತ್ತೆ, ಹೆಸರು ಮಾತ್ರ ಹೊಸದು.

ಬೀದರಿನ ಅಮ್ಮ:
ನಮ್ಮ ಮನೆ ಅನುಭವ ಹೇಳ್ತೀನಿ. ಮಕ್ಕಳಿಗೆ ಗೊತ್ತಿರೋ ಪದದಿಂದ ಶುರು ಮಾಡಿ. ದಖನಿ ಮಾತಾಡೋ ಮಗುವಿಗೆ ಖರ್ಚು, ಬಾಕಿ ಎರಡೂ ಮನೆಯಲ್ಲೇ ಇವೆ. ಖರ್ಚು ಅಂದಮೇಲೆ ವೆಚ್ಚ ಅನ್ನಿ. ರೊಕ್ಕ ಅಂದಮೇಲೆ ಹಣ ಅನ್ನಿ, ರೊಕ್ಕ ತಪ್ಪು ಅಂತ ಮಾತ್ರ ತಿದ್ದಬೇಡಿ. ಹಾಗೇ ಹಳೇ ಪದಗಳನ್ನೂ ತನ್ನಿ. ನಮ್ಮತ್ತೆ ಇವತ್ತಿಗೂ ಎಂಟಾಣೆ ಅಂತಾರೆ, ಮಗ ಯಾಕೆ ಎಂಟು ಅಂತ ಕೇಳಿದ. ಮೊದಲು ರೂಪಾಯಿಗೆ 16 ಆಣೆ ಇತ್ತು, 1957ರಲ್ಲಿ ನೂರು ಪೈಸೆ ಲೆಕ್ಕ ಬಂತು, ಅದಕ್ಕೇ 50 ಪೈಸೆ ಎಂಟಾಣೆ ಆಗಿ ಉಳೀತು ಅಂದೆ. ನಾಲ್ಕಾಣೆ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋದರೂ ಮಾತಲ್ಲಿ ಇನ್ನೂ ಇದೆ ಅಲ್ವಾ, ಅದು ಅವನಿಗೆ ಭಾರೀ ಹಿಡಿಸಿತು.

ಯಾದಗಿರಿ ಮೇಷ್ಟ್ರು:
ಇನ್ನೊಂದು ಮಾತು. ದುಂದು ಅನ್ನೋದನ್ನು ಈ ಕಥೆಯಿಂದ ತೆಗೆದುಬಿಡಿ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬಳೆ ಕೊಂಡ ಮಗುವಿಗೆ ತಾನು ತಪ್ಪು ಮಾಡಿದೆ ಅನಿಸಬಾರದು. ನಮ್ಮ ಮಕ್ಕಳ ಮನೆಗಳಲ್ಲಿ ಹಾಳುಮಾಡೋಕೆ ರೊಕ್ಕವೇ ಇರೋದಿಲ್ಲ.

ಕಲಬುರಗಿ ಟೀಚರ್:
ಸರ್, ಅಕ್ಕಾ, ಇವತ್ತು ಮಾಡಿ ನೋಡಿದೆ. ಚೌಕಾಸಿ, ಚಿಲ್ಲರೆ, ಉಳಿತಾಯ, ಸಾಲ, ನಾಲ್ಕೇ ಪದ. ದುಂದು ಬಿಟ್ಟೆ, ನೀವು ಹೇಳಿದ್ದು ಮನಸ್ಸಿಗೆ ನಾಟಿತು ಸರ್. ಹುಣಸೆ ಬೀಜವೇ ರೂಪಾಯಿ, ಬೆಂಚೇ ಅಂಗಡಿ. ಬಳೆಗೆ 30 ಹೋಯ್ತು, 20 ಉಳೀತು, ಗಿರಿಗಿಟ್ಲೆಗೆ 25. ಯಾವತ್ತೂ ಬಾಯಿ ಬಿಡದ ತಾಂಡಾದ ಹುಡುಗಿ ಬೀಜ ಎಣಿಸಿ, ಮುಷ್ಟಿ ಬಿಗಿ ಹಿಡಿದು, "ಐದು ರೂಪಾಯಿ ಉದ್ರಿ ಇಡ್ರಿ, ನಾಳೆ ಕೊಡ್ತೀನಿ" ಅಂದಳು. ಸಾಲ ಅನ್ನೋ ಪದ ಹೇಳೋಕೆ ನಾನು ಬಾಯಿ ತೆಗೆಯೋದರೊಳಗೆ ಉಳ್ಳಾಗಡ್ಡಿ ಹುಡುಗ ಅಂಗಡಿಯಿಂದ ಕೂಗಿದ: "ಜಾತ್ರಿಯೊಳಗ ಸಾಲ ಇಲ್ಲ, ನಾಳೆ ನಾವು ಬೇರೆ ಊರಿಗೆ ಹೋಗ್ತೀವಿ!"