ಪಕ್ಷ ಬೇಡ, ಸಂಘಟನೆ ಬೇಡ, ಆದ್ರೂ ಸುಮ್ನೆ ಕೂರೋಕೆ ಆಗ್ತಿಲ್ಲ. ಏನು ಮಾಡಬಹುದು?

ಸಪ್ತಾಪುರದವ:
ನಮಸ್ಕಾರ್ರೀ ಎಲ್ಲರಿಗೂ. ಊರು ಧಾರವಾಡ, ಕೆಲಸ ಹುಬ್ಬಳ್ಳಿಯಲ್ಲಿ, ಖಾಸಗಿ ಕಂಪನಿ. 2015-16ರಲ್ಲಿ ಮಹದಾಯಿ ನದಿ ನೀರಿನ ಹೋರಾಟ ಜೋರಾಗಿದ್ದಾಗ ಕಾಲೇಜಿನಲ್ಲಿದ್ದೆ. ಬಂದ್, ಮೆರವಣಿಗೆ, ಧರಣಿ ಎಲ್ಲದಕ್ಕೂ ಹೋಗುತ್ತಿದ್ದೆ. ಈಗ ಬೆಳಗ್ಗೆ ಚಿಗರಿ ಬಸ್ ಹತ್ತಿದರೆ ಮನೆ ಸೇರುವುದು ರಾತ್ರಿಗೇ. ಸಿಟ್ಟು ಮಾತ್ರ ಹಾಗೇ ಇದೆ. ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ, ಯಾರೋ ಒಬ್ಬ ಜಗಳಕ್ಕೆ ಬರುತ್ತಾನೆ, ಅಡ್ಮಿನ್ ಬಂದು 'ಇಲ್ಲಿ ರಾಜಕೀಯ ಬೇಡ' ಅನ್ನುತ್ತಾನೆ, ಅದರ ಕೆಳಗೆ ಇನ್ಯಾರೋ ಶುಭೋದಯ ಹಾಕುತ್ತಾರೆ. ಪಕ್ಷ ಸೇರುವ ಮನಸ್ಸಿಲ್ಲ. ಸಂಘಟನೆಗಳಲ್ಲಿ ಶಾಲು ಹಾಕಿ ಫೋಟೋ ತೆಗೆಸಿಕೊಳ್ಳುವುದೇ ಜಾಸ್ತಿ ಅನಿಸುತ್ತದೆ (ಎಲ್ಲರಿಗೂ ಹೇಳಿದ್ದಲ್ಲ, ಬೈಯಬೇಡಿ). ಭಾನುವಾರ ಒಂದೆರಡು ತಾಸು ಕೊಡಬಲ್ಲೆ. ಇಷ್ಟರಲ್ಲಿ ಉಪಯೋಗಕ್ಕೆ ಬರುವಂಥದ್ದು ಏನಿದೆ? ನಿಜವಾಗಿ ಮಾಡುತ್ತಿರುವವರು ಹೇಳಿ.

ನರಗುಂದ ಕರಿಮಣ್ಣು:
ತಮ್ಮಾ, ಮಹದಾಯಿ ಹೆಸರು ತೆಗೆದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಬಂದ್ ದಿನ ಜನಕ್ಕೆ ಬರ ಇಲ್ಲ. ನ್ಯಾಯಾಧಿಕರಣದ ತೀರ್ಪು 2018ರ ಆಗಸ್ಟಿನಲ್ಲಿ ಬಂತು. ಅದನ್ನು ಓದಿದವರು ನಮ್ಮೂರಲ್ಲಿ ಎಷ್ಟು ಮಂದಿ? ಕರ್ನಾಟಕಕ್ಕೆ ಸಿಕ್ಕಿದ್ದು 13.42 ಟಿಎಂಸಿ ಅಂತ ವೇದಿಕೆ ಮೇಲೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ 8.02 ವಿದ್ಯುತ್ತಿಗೆ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಸೇರಿ ಮಲಪ್ರಭೆಗೆ ಬರಬೇಕಾದದ್ದು 3.9 ಟಿಎಂಸಿ. ಇಷ್ಟು ಗೊತ್ತಿದ್ದವನು ಪ್ರಚಾರಕ್ಕೆ ಬಂದವರನ್ನು ನಿಲ್ಲಿಸಿ, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಡಿಪಿಆರ್ (ಯೋಜನೆಯ ವಿವರ ವರದಿ) ಒಪ್ಪಿದ ಮೇಲೆ ಅರಣ್ಯ ಮತ್ತು ವನ್ಯಜೀವಿ ಅನುಮತಿಗೆ ನೀವು ಏನು ಮಾಡಿದಿರಿ, ಯಾವ ತಾರೀಖು ಯಾರಿಗೆ ಪತ್ರ ಬರೆದಿರಿ ಅಂತ ಕೇಳಬಹುದು. ಧಿಕ್ಕಾರ ಕೂಗಿದರೆ ಅವರು ಕೈ ಮುಗಿದು ಹೋಗುತ್ತಾರೆ. ಇದಕ್ಕೆ ಹಾಗಾಗುವುದಿಲ್ಲ, ತಡವರಿಸುತ್ತಾರೆ. ಒಂದೇ ವಿಷಯ ಹಿಡಿಯಿರಿ. ಒಂದು ಫೈಲು ಮಾಡಿ, ಪೇಪರ್ ಕಟಿಂಗ್, ಆದೇಶದ ಪ್ರತಿ ಎಲ್ಲಾ ಅದರಲ್ಲೇ ಇಡಿ. ಲೋಕದ ಎಲ್ಲಾ ಸಿಟ್ಟು ಒಬ್ಬನೇ ಹೊತ್ತರೆ ಬೆನ್ನು ಮುರಿಯುತ್ತದೆ.

ಹಳೇ ಹುಬ್ಬಳ್ಳಿ ಹುಡುಗ:
ಎಲ್ಲಾ ಟೈಂಪಾಸ್ ಗುರು. ನಮ್ಮ ಓಣಿಯ ಗಟಾರಕ್ಕೆ ಒಂದು ಕಚೇರಿಗೆ ಮನವಿ ಕೊಟ್ಟೆವು. ಸಾಹೇಬರು ಚಹಾ ಕುಡಿಸಿ ಕಳಿಸಿದರು. ಆಮೇಲೆ ಅವರಿಗೆ ವರ್ಗ ಆಯಿತು. ಹೊಸಬರು 'ಯಾವ ಮನವಿ? ಮತ್ತೊಮ್ಮೆ ಕೊಡಿ' ಅಂದರು. ಗಟಾರ ಹಾಗೇ ತುಂಬಿ ಹರಿಯುತ್ತಿದೆ. ವೋಟು ಹಾಕಿ ಮನೇಲಿರೋದು ಆರೋಗ್ಯಕ್ಕೆ ಒಳ್ಳೇದು.

ಹಾನಗಲ್ ಅಕ್ಕ:
ತಮ್ಮಾ, ಮನವಿ ಸಾಹೇಬರ ಕೈಗೆ ಯಾಕೆ ಕೊಟ್ಟಿರಿ? ಟಪಾಲಿನಲ್ಲಿ ಕೊಡಬೇಕು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ನಂಬರ್ ಬರೆಸಿಕೊಳ್ಳಬೇಕು. ಸಾಹೇಬರು ಹೋಗುತ್ತಾರೆ, ನಂಬರ್ ಎಲ್ಲಿಗೂ ಹೋಗುವುದಿಲ್ಲ.

ನಮ್ಮ ತಾಲೂಕಿನ ಕುಸನೂರು ಕೇಳಿದ್ದೀರಾ? ಸರ್ಕಾರವೂ ಒಂದು ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿ, ದನ ಮೇಯುವ, ಉರುವಲು ಆರಿಸುವ ಜಾಗಕ್ಕೆಲ್ಲಾ ನೀಲಗಿರಿ ಹಾಕಲು ಹೊರಟಿದ್ದವು. 1987ರ ನವೆಂಬರ್ 14ರಂದು ಜನ ನೀಲಗಿರಿ ಕಿತ್ತು ಬೇರೆ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಅಂತಲೇ ಅದರ ಹೆಸರು. ಎಲ್ಲರಿಗೂ ನೆನಪಿರುವುದು ಆ ದಿನ. ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು, ತಡೆಯಾಜ್ಞೆಯೂ ಬಂದಿತ್ತು. ಕಂಪನಿ ಮುಚ್ಚುವ ತೀರ್ಮಾನ ಆಗುವಾಗ 1991. ನಡುವಿನ ಆ ವರ್ಷಗಳಲ್ಲಿ ಸಹಿ ಮಾಡಿಸಿದವರು, ಬೆಂಗಳೂರಿಗೆ ಕಾಗದ ಬರೆದವರು ಯಾರ ಫೋಟೋದಲ್ಲೂ ಇಲ್ಲ.

ನಾನು ಮಾಡುವುದು ಇಷ್ಟೇ. ಗ್ರಾಮಸಭೆಗೆ ತಪ್ಪದೇ ಹೋಗುತ್ತೇನೆ. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ. ಬಾಯಲ್ಲಿ ಹೇಳಿ ಬಂದರೆ ಗಾಳಿಗೆ ಹೋಯಿತು. ಠರಾವು ಪುಸ್ತಕದಲ್ಲಿ ಬರೆಯುವವರೆಗೂ ಅಲ್ಲೇ ಕೂರುತ್ತೇನೆ. ಪಿಡಿಒಗೆ ನನ್ನ ಮುಖ ನೋಡಿದರೆ ಬೇಜಾರು, ಆದರೂ ಬರೆಯುತ್ತಾರೆ.

ಬೆಟಗೇರಿ ಭಾವ:
ಅಕ್ಕಾ ಹೇಳಿದ್ದು ಸರಿ. ಆದರೆ ಒಂದು ಮಾತು. 2011ರಲ್ಲಿ ನಮ್ಮ ಗದಗ ಜಿಲ್ಲೆಯ ಹಳ್ಳಿಗುಡಿಯಿಂದ ಪೋಸ್ಕೋ ಉಕ್ಕಿನ ಕಂಪನಿ ವಾಪಸ್ ಹೋಯಿತಲ್ಲ, ಆಗ ರೈತರ ಜೊತೆ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನಿಂತಿದ್ದರು. ಮಠ ನಿಂತರೆ ಸರ್ಕಾರ ಕಿವಿ ಕೊಡುತ್ತದೆ. ನಾವು ನೀವು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಹಾಗಂತ ಒಮ್ಮೆ ಗೆದ್ದರೆ ಮುಗಿಯುವುದೂ ಇಲ್ಲ. ಕಪ್ಪತಗುಡ್ಡದ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ವಾಪಸ್ ತೆಗೆದರು, ಗದಗಿನಲ್ಲಿ ಧರಣಿ ಆಯಿತು, 2017ರಲ್ಲಿ ಮರಳಿ ಕೊಟ್ಟರು, 2019ರಲ್ಲಿ ವನ್ಯಜೀವಿ ಧಾಮ ಮಾಡಿದರು. ಯಾರಾದರೂ ಗಮನ ಇಟ್ಟಿರಲೇಬೇಕು, ಅದು ಸಣ್ಣವರ ಕೆಲಸವೇ.

ಸಪ್ತಾಪುರದವರೇ, ನಿಮಗೆ ಸರಿಹೊಂದುವುದು ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, ರಜೆ ಹಾಕಬೇಕಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಗಟಾರ ಯಾಕೆ ಮಾಡಿಲ್ಲ' ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಟೆಂಡರ್ ಪ್ರತಿ, ಕಾಮಗಾರಿ ಆದೇಶ, ಬಿಲ್ಲು, ಎಂಬಿ ಪುಸ್ತಕದ (ಕಾಮಗಾರಿಯ ಅಳತೆ ಬರೆದಿಡುವ ಪುಸ್ತಕ) ಆ ಪುಟಗಳು, ಹೀಗೆ ದಾಖಲೆ ಕೇಳಿ. 30 ದಿನದಲ್ಲಿ ಬರಲಿಲ್ಲ ಅಂದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಆಮೇಲೆ ಮಾಹಿತಿ ಆಯೋಗ, ಅದರ ಪೀಠ ಬೆಳಗಾವಿಯಲ್ಲೂ ಇದೆ. ಆಯೋಗದಲ್ಲಿ ತಡ ಆಗುತ್ತದೆ, ಈಗಲೇ ಹೇಳಿರುತ್ತೇನೆ.

ಮೇಷ್ಟ್ರು ಹಾವೇರಿ:
ಇದನ್ನು ಓದುತ್ತಿರುವ ಸರ್ಕಾರಿ ನೌಕರರು ಹುಷಾರು. ಮಾಹಿತಿ ಹಕ್ಕು, ಗ್ರಾಮಸಭೆ ಪರವಾಗಿಲ್ಲ. ಪಕ್ಷದ ಪ್ರಚಾರ ಮಾತ್ರ ನಡತೆ ನಿಯಮದಲ್ಲಿ ನಿಷಿದ್ಧ, ಫೇಸ್‌ಬುಕ್ ಪೋಸ್ಟಿಗೇ ನೋಟಿಸ್ ಬಂದೀತು. ನಾನು ಊರಿನ ಹುಡುಗರಿಗೆ ಅರ್ಜಿ ಬರೆಯುವುದನ್ನು ಕಲಿಸುತ್ತೇನೆ. ಅಷ್ಟೇ.

ಸಪ್ತಾಪುರದವ:
ಎಲ್ಲರಿಗೂ ಥ್ಯಾಂಕ್ಸ್. ಮಹದಾಯಿ ಫೈಲು ಶುರು ಮಾಡುತ್ತೇನೆ. ಒಂದು ಅನುಮಾನ. ಒಬ್ಬನೇ ಕೇಳುತ್ತಾ ಹೋದರೆ ಹೆದರಿಸುವುದಿಲ್ವಾ?

ಹಾನಗಲ್ ಅಕ್ಕ:
ಹೆದರಿಸುವವರು ಇರುತ್ತಾರೆ, ಸುಳ್ಳು ಹೇಳಲ್ಲ. ಗುತ್ತಿಗೆದಾರರ ದುಡ್ಡಿನ ವಿಷಯಕ್ಕೆ ಒಬ್ಬರೇ ಅರ್ಜಿ ಹಾಕಬೇಡಿ. ಅದೇ ಪ್ರಶ್ನೆಗೆ ಓಣಿಯ ಬೇರೆ ಬೇರೆ ಮಂದಿ ಬೇರೆ ಬೇರೆ ಅರ್ಜಿ ಹಾಕಲಿ.

ಹಳೇ ಹುಬ್ಬಳ್ಳಿ ಹುಡುಗ:
ಸರಿ, ನಮ್ಮ ಗಟಾರಕ್ಕೆ ಟೆಂಡರ್ ಆಗಿದೆಯೋ ಇಲ್ಲವೋ ಅದೇ ನನಗೆ ಗೊತ್ತಿಲ್ಲ. ಅರ್ಜಿಯ ನಮೂನೆ ಯಾರ ಹತ್ತಿರ ಇದೆ? ಓಣಿಯಲ್ಲಿ ಸಹಿ ಹಾಕುವವರು ಸಿಗುತ್ತಾರೆ.

ಬೆಟಗೇರಿ ಭಾವ:
ಕಳಿಸುತ್ತೇನೆ. ಎಂಬಿ ಪ್ರತಿ ಸಿಕ್ಕರೆ ಇಲ್ಲೇ ಹಾಕಿ, ಅಳತೆ ಓದಲು ಬರುವ ಎಂಜಿನಿಯರ್ ಒಬ್ಬರು ನನಗೆ ಪರಿಚಯ.