ಪುಟ್ಟಿ, ಅಳಿಯಪ್ಪ, ಇಬ್ರೂ ಕೇಳ್ರಿ

ಹಲೋ… ಹಾಂ, ರೆಕಾರ್ಡ್ ಆಗಾಕತ್ತೈತಿ. ಎಲ್ರಿಗೂ ನಮಸ್ಕಾರ. ದೊಡ್ಡಮ್ಮ, ಇದು ಉದ್ದ ಆಗ್ತೈತಿ, ನೀವು ಕೇಳ್ಲೇಬೇಕು ಅಂತೇನಿಲ್ಲ. ಬೆಳಿಗ್ಗೆ ಅಂಗಡಿ ಶಟರ್ ಎತ್ತಿ ಫೋನ್ ನೋಡಿದ್ರೆ ನಮ್ ಗ್ರೂಪ್‌ನಾಗೆ 63 ಮೆಸೇಜು. ಯಾರಿಗೋ ಏನೋ ಆತು ಅಂತ ಎದೆ ಧಸಕ್ ಅಂತು. ತೆಗೆದ್ರೆ ಅಕ್ಕನ ಮಗ ಒಂದ್ಕಡೆ, ಅಣ್ಣನ ಮಗಳು ಇನ್ನೊಂದ್ಕಡೆ, ನಡುವೆ ಡ್ರೀಮ್ ಥಿಯೇಟರ್! ಅದರ ಮಧ್ಯೆ ಭಾವಾರದ್ದು ಒಂದೇ ಒಂದು ಮೆಸೇಜು, "ನಮ್ ಬೋರ್‌ವೆಲ್ ಮೋಟರ್ ಏನಾತು?" ಅಂತ. ಪಾಪ, ಅದಕ್ಕೆ ಯಾರೂ ಉತ್ರ ಕೊಟ್ಟಿಲ್ಲ. ಭಾವ, ಬರ್ತೀನಿ ಅದಕ್ಕೆ, ಸ್ವಲ್ಪ ತಡೀರಿ.

ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ಇದು ಅಮೆರಿಕದ ಬ್ಯಾಂಡು. 1985ರಾಗೆ ಬಾಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜಿನಾಗೆ ಮೂರು ಹುಡುಗ್ರು ಕಟ್ಟಿದ್ದು. ಪ್ರೋಗ್ರೆಸಿವ್ ಮೆಟಲ್ ಅಂತಾರೆ. ಅಂದ್ರೆ ಒಂದು ಹಾಡು ಶುರುವಾದ್ರೆ ನೀವು ಬಸ್‌ಸ್ಟ್ಯಾಂಡಿಗೆ ಹೋಗಿ ಬಂದ್ರೂ ಮುಗ್ದಿರಂಗಿಲ್ಲ, ಅಷ್ಟರಾಗೆ ತಾಳ ಹತ್ತು ಸಲ ಬದ್ಲಾಗಿರ್ತೈತಿ. 2025ರ ಫೆಬ್ರವರಿಯಾಗೆ ಇವರ 'ಪ್ಯಾರಾಸೋಮ್ನಿಯಾ' ಬಂತು. ನಮ್ ಅಳಿಯಪ್ಪ ಅದರ ಹಾಡು ಹಾಕಿ, "ಹಳೇ ಡ್ರಮ್ಮರ್ ಪೋರ್ಟ್‌ನಾಯ್ ವಾಪಸ್ ಬಂದ, ಸದ್ದಿನ ತೂಕಾನೂ ವಾಪಸ್ ಬಂತು, 2003ರ 'ಟ್ರೇನ್ ಆಫ್ ಥಾಟ್' ನೆನಪಾತು" ಅಂದ. ಅದಕ್ಕೆ ಪುಟ್ಟಿ, "ಆ ಬ್ಯಾಂಡ್ ಕೆಟ್ಟಿದ್ದೇ 2003ರಾಗೆ, ರಾಗ ಬಿಟ್ಟು ಗದ್ಲ ಹಿಡಿದ್ರು, ಬರೇ ಮೆಟಾಲಿಕಾ ನಕಲು" ಅಂದ್ಳು. ಮೆಟಾಲಿಕಾ ಅಂದ್ರೆ ಇವ್ರಿಗಿಂತ ಹಳೇ ಮೆಟಲ್ ಬ್ಯಾಂಡು. ಅಲ್ಲಿಂದ ಹತ್ಕೊಂಡ ಬೆಂಕಿ ಇನ್ನೂ ಆರಿಲ್ಲ.

ತಪ್ಪು ನಂದೇ ಬಿಡ್ರಿ. ಇಬ್ರಿಗೂ ಈ ಹುಚ್ಚು ಹಿಡಿಸಿದ್ದು ನಾನು. ಆ 2003ರ ಆಲ್ಬಮ್ ಬಂದಾಗ ನಾನು ಡಿಪ್ಲೊಮಾ ಓದ್ತಿದ್ದೆ, ವಿದ್ಯಾನಗರದಾಗೆ ರೂಮು. ಗೆಳೆಯ ಒಬ್ಬ ಬೆಂಗಳೂರಿಂದ ಎಂಪಿತ್ರೀ ಸಿಡಿ ತಂದಿದ್ದ. ಕಳ್ಳ ಸಿಡಿ, ಈಗ ಒಪ್ಕಂಡ್ರೆ ಏನಾಗ್ತೈತಿ. ಅಂಗೈಯಗಲದ ಕಂಪ್ಯೂಟರ್ ಸ್ಪೀಕರ್‌ನಾಗೆ ಹಚ್ಚಿದ್ವಿ. ಪಕ್ಕದ ಮನೆ ಅಜ್ಜಿ ಬಂದು, "ಯಾಕಪ್ಪಾ, ಗೋಡೆ ಒಡಿಯಾಕತ್ತೀರೇನು?" ಅಂತ ಕೇಳಿತ್ತು. ಅವತ್ತು ರಾತ್ರಿ ಮಂಡಕ್ಕಿ, ಮೆಣಸಿನಕಾಯಿ ತಿಂದ್ಕಂತ ನಾವು ಆಡಿದ ಜಗಳನೇ ನೀವಿಬ್ರೂ ಈಗ ಆಡಾಕತ್ತೀರಿ. ಒಂದಕ್ಷರ ಬದ್ಲಾಗಿಲ್ಲ.

ಪುಟ್ಟಿ, ಮೊದ್ಲು ನಿಂಗೆ. 2003ರಾಗೆ ರಾತ್ರೋರಾತ್ರಿ ಇವ್ರ ಸದ್ದು ಭಾರ ಆತು ಅಂದ್ಯಲ್ಲ, ಅದನ್ನ ನಾನು ಒಪ್ಪಂಗಿಲ್ಲ. 1992ರ 'ಇಮೇಜಸ್ ಅಂಡ್ ವರ್ಡ್ಸ್' ನಿನ್ ಪ್ರಾಣ, ಗೊತ್ತು ನಂಗೆ. ಆದ್ರೆ ಅದರ ಬೆನ್ನಿಗೇ 1994ರಾಗೆ 'ಅವೇಕ್' ಬಂತಲ್ಲ, ಅದರಾಗೇ ಗಿಟಾರ್ ನುಡಿಸೋ ಪೆಟ್ರೂಸಿ ಕೈಗೆ ಏಳು ತಂತಿ ಗಿಟಾರ್ ಬಂದಿತ್ತು. 'ದ ಮಿರರ್' ಒಂದ್ಸಲ ಹಚ್ಚಿ ನೋಡು, ಎತ್ತಿನಗಾಡಿ ಕೆಸರಾಗೆ ಹೊಂಟಂಗೆ ಎಳ್ಕಂಡ್ ಎಳ್ಕಂಡ್ ಬರ್ತೈತಿ. ಆಮೇಲೆ 1997ರಾಗೆ ರೇಡಿಯೋಕ್ಕೆ ಒಗ್ಗೋ ಹಾಡು ಮಾಡ್ರಿ ಅಂತ ರೆಕಾರ್ಡ್ ಕಂಪನಿಯೋರು ಕುತ್ಗಿ ಮ್ಯಾಲೆ ಕುಂತ್ರು, ಹಗುರ ಆದ್ರು. ಆವಾಗ್ಲೂ ಅಭಿಮಾನಿಗಳು ಸುಮ್ನಿರ್ಲಿಲ್ಲ, ಹಗುರ ಆದ್ರಿ ಅಂತ ಬೈದ್ರು.

ಇನ್ನ ನಕಲು ಅನ್ನೋದು. 2002ರಾಗೆ ಇವ್ರು ಎರಡು ಸಿಡಿ ಆಲ್ಬಮ್ ಮಾಡಿದ್ರು, ಅದರ ಎರಡನೇ ಸಿಡಿ ಪೂರ್ತಿ ಒಂದೇ ಹಾಡು, 42 ನಿಮಿಷ. ಅದನ್ನ ಹೊತ್ಕಂಡು ಊರೂರು ತಿರುಗುವಾಗ ಕೆಲವು ಊರಾಗೆ ಎರಡೆರಡು ದಿನ ಶೋ. ಎರಡನೇ ದಿನ ಏನ್ ಮಾಡಿದ್ರು? ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮನ್ನ ಮೊದ್ಲಿಂದ ಕೊನೆ ತನಕ ನುಡ್ಸಿದ್ರು. ಆಮೇಲೆ ಐರನ್ ಮೇಡನ್ ಅನ್ನೋ ಇನ್ನೊಂದು ಮೆಟಲ್ ಬ್ಯಾಂಡಿಂದೂ ಒಂದು ಪೂರ್ತಿ ಆಲ್ಬಮ್. ತಮ್ ಹಾಡಿನಾಗೂ ಭಾರ ಇರೋವಕ್ಕೇ ಜನ ಹೆಚ್ಚು ಕುಣೀತಾರೆ ಅನ್ನೋದು ಸ್ಟೇಜ್ ಮೇಲಿಂದ ಕಂಡ್ತು ಅವ್ರಿಗೆ. ಹಂಗಾದ್ರೆ ಪೂರಾ ಒಂದು ಆಲ್ಬಮ್ಮೇ ಹಿಂಗೆ ಮಾಡಾಣ ಅಂತ ಕುಂತ್ರು, ಅದೇ 'ಟ್ರೇನ್ ಆಫ್ ಥಾಟ್'. ಕದ್ದೋರು ಯಾರಾದ್ರೂ ಸಾವಿರಾರು ಜನದ ಮುಂದೆ ಮಾಲು ಹರವಿ ತೋರಿಸ್ತಾರೇನವ್ವ? ಆ ಹುಡುಗ್ರು ಬೆಳೆದಿದ್ದೇ ಹಂಗೆ, ಒಂದ್ಕಾಲು ರಶ್ ಅನ್ನೋ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಮನ್ಯಾಗೆ, ಇನ್ನೊಂದ್ಕಾಲು ಮೆಟಾಲಿಕಾ ಮನ್ಯಾಗೆ. ನೀನು ಮೊದಲನೇ ಮನೆ ನೋಡಿ ಹೆಣ್ಣು ಒಪ್ಕಂಡಿ, ಎರಡನೇ ಮನೆ ನೆಂಟ್ರು ಬಂದ್ರೆ ಮುಖ ತಿರುಗಿಸ್ತೀಯ!

…ಒಂದ್ನಿಮಿಷ. ಏ, ಅದನ್ನ ಅಲ್ಲಿ ಇಡಪ್ಪ, ವಾರ್ನಿಷ್ ಇನ್ನೂ ಹಸಿ ಐತಿ… ಹಾಂ.

ಆದ್ರೆ ಒಂದು ಮಾತು ಪುಟ್ಟಿ ಸರಿಯಾಗೇ ಹಿಡ್ದಾಳೆ, ಬೇರೆ ಹೆಸ್ರಲ್ಲಿ. "ಗದ್ಲ" ಅಂದ್ಳಲ್ಲ, ಅದೇನು ಅಂತ ನನ್ ಕಸುಬಿನ ಮೇಲೆ ಹೇಳ್ತೀನಿ ಕೇಳ್ರಿ. ನಾನು ದಿನಾ ಮೋಟರ್‌ಗೆ ತಂತಿ ಸುತ್ತೋನು. ಗಿಟಾರ್ ಸ್ವರ ಕೆಳಗೆ ಇಳಿಸ್ಬೇಕಂದ್ರೆ ತಂತಿ ಸಡ್ಲ ಮಾಡ್ಬೇಕು. ಬಾಳ ಸಡ್ಲ ಮಾಡಿದ್ರೆ ಬಟ್ಟೆ ಒಣಗಾಕೋ ಹಗ್ಗ ಆಗ್ತೈತಿ, ಪಟಪಟ ಅಂತ ಪಟ್ಟಿಗೆ ಬಡೀತೈತಿ. ಅದಕ್ಕೆ ದಪ್ಪ ತಂತಿ ಹಾಕ್ತಾರೆ. ನಮ್ ವೈಂಡಿಂಗ್ ತಂತೀಲಿ ಗೇಜ್ ನಂಬರ್ ಏರಿದಂಗೆ ತಂತಿ ತೆಳ್ಳಗೆ, ಗಿಟಾರ್‌ನಾಗೆ ಉಲ್ಟಾ, ನಂಬರ್ ಏರಿದಂಗೆ ದಪ್ಪ. ಆರು ತಂತಿ ಗಿಟಾರ್‌ನ ಕಡೇ ತಂತಿ ಸೆಕೆಂಡಿಗೆ 82 ಸಲ ನಡುಗ್ತೈತಿ. ಏಳನೇ ತಂತಿ ಬಂತು ಅಂದ್ರೆ 62. ನಮ್ ಕೆಇಬಿ ಕರೆಂಟು 50, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ಅದರ ಡಬ್ಬಲ್, 100. ಅಂದ್ರೆ ಏಳು ತಂತಿ ಗಿಟಾರು ಟ್ರಾನ್ಸ್‌ಫಾರ್ಮರ್‌ಗಿಂತ ಕೆಳಗೆ ಗುನುಗ್ತೈತಿ. ಅದು ಕಿವಿಗೆ ಬರೋದಲ್ಲ, ಹೊಟ್ಟಿಗೆ ಬರೋದು. ಬೆಂಗಳೂರಿನ ಅರಮನೆ ಮೈದಾನದಾಗೆ 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಾಗ ಕೆಸರಾಗೆ ನಿಂತು ನನ್ ಪ್ಯಾಂಟಿನ ಬಟ್ಟೆ ನಡುಗಿದ್ದು ಇನ್ನೂ ನೆನಪೈತಿ. ಅಳಿಯಪ್ಪ, ನಿನ್ ಇಯರ್‌ಫೋನ್‌ನಾಗೆ ಅದು ಬರಂಗಿಲ್ಲ ಬಿಡು.

ಈಗ ತೊಂದ್ರೆ ಏನು? ಆ 60ರ ಸುತ್ತಮುತ್ತ ಜಾಗ ಗಿಟಾರಿನದಲ್ಲ. ಅಲ್ಲಿ ಮೊದ್ಲಿಂದ ಕಾಲಿನ ಡ್ರಮ್ ಕುಂತಿರ್ತೈತಿ, ಬೇಸ್ ಗಿಟಾರ್ ಕುಂತಿರ್ತೈತಿ. ಗಿಟಾರ್ ಇಳ್ಕಂಡು ಅಲ್ಲಿಗೇ ಬಂತು, ಅದೂ ಎಡಕ್ಕೊಂದು ಬಲಕ್ಕೊಂದು. ಮೂರೂ ಜನ ಒಂದೇ ಬಾಗ್ಲಾಗೆ ನುಗ್ಗಿದಂಗೆ. ಪಾಪ, ಜಾನ್ ಮ್ಯಂಗ್ ಆರು ತಂತಿ ಬೇಸ್ ಹಿಡ್ಕಂಡು ನಿಂತಿರ್ತಾನೆ, ಬೆರಳು ಓಡೋದು ಕಾಣ್ತೈತಿ, ಕೇಳಂಗಿಲ್ಲ. ಕೀಬೋರ್ಡ್ ಕಥೀನೂ ಅದೇ. ಜೋರ್ಡನ್ ರುಡೆಸ್ ಅಂಥಾ ಮನುಷ್ಯ, 1999ರ ಆಲ್ಬಮ್ಮಿನಾಗೆ ಆರು ನಿಮಿಷದ ಒಂದು ತುಣುಕಿನಾಗೆ ನೂರಕ್ಕೂ ಹೆಚ್ಚು ಸಲ ತಾಳ ಬದ್ಲಾದಾಗ ನಗ್ತಾ ನುಡಿಸ್ದೋನು, ಈ 2003ರದ್ರಾಗೆ ಎಷ್ಟೋ ಕಡೆ ಗಿಟಾರಿನ ಹಿಂದೆ ಬಚ್ಚಿಟ್ಟಂಗೆ ಆಗೇತಿ. ಪುಟ್ಟಿ, ನೀನು ಪಿಟೀಲು ಕಲಿತೋಳು, ತಕಿಟ ತಕಧಿಮಿ ಅಂತ ಮಿಶ್ರಛಾಪು ಬೆರಳ ಮೇಲೆ ಎಣಿಸ್ತೀಯ. ಆ ಲೆಕ್ಕ ಈ ಆಲ್ಬಮ್ಮಿನಾಗೂ ಐತಿ. ಮೇಲೆ ಮಣ್ಣು ಬಿದ್ದೈತಿ, ಕೆದರಿ ನೋಡ್ಬೇಕು. ನಿಂಗೆ ಸಿಟ್ಟು ಬಂದಿರೋದು ಮಣ್ಣಿನ ಮೇಲೆ. ಅದು ನ್ಯಾಯ.

ಭಾರ ಯಾಕೆ ಬೇಕಿತ್ತು ಅನ್ನೋದಕ್ಕೆ ಇನ್ನೊಂದು ಐತಿ. ಈ ಪೋರ್ಟ್‌ನಾಯ್ ಕುಡಿತಕ್ಕೆ ಬಿದ್ದು ಎದ್ದೋನು. ಕುಡಿತ ಬಿಡಾಕೆ 12 ಮೆಟ್ಲು ಅಂತ ಒಂದು ಕ್ರಮ ಐತಲ್ಲ, ಅದನ್ನ ಐದು ಹಾಡು ಮಾಡಿ, 2002ರಿಂದ 2009ರ ತನಕ ಐದು ಆಲ್ಬಮ್ಮಿನಾಗೆ ಒಂದೊಂದು ಇಟ್ಟ. ಎರಡನೇದು ಈ 2003ರ ಆಲ್ಬಮ್ಮಿನಾಗೈತಿ, ಹನ್ನೊಂದೂವರೆ ನಿಮಿಷ, ಉಸಿರು ಬಿಡಾಕೆ ಬಿಡಂಗಿಲ್ಲ. ನಮ್ ಮನ್ಯಾಗೂ ಒಬ್ರು ಬಿಟ್ಟಿದ್ದು ನೋಡೀವಿ. ಹೆಸ್ರು ಬ್ಯಾಡ, ದೊಡ್ಡೋರಿಗೆಲ್ಲಾ ಗೊತ್ತು. ಆ ಮೊದಲ ಒಂದು ವಾರ ಕೈ ಹೆಂಗೆ ನಡುಗ್ತಿತ್ತು, ರಾತ್ರಿ ಹೆಂಗೆ ಕೂಗ್ತಿದ್ರು. ಅದನ್ನ ಕೊಳಲಿನಾಗೆ ಹೇಳಾಕಾಗ್ತೈತೇನು? ಆದ್ರೆ ನೋಡ್ರಿ, ಅದೇ ಸರಣಿಯ ನಾಲ್ಕನೇ ಹಾಡು, 2007ರದ್ದು, ಮಾಡಿದ್ದಕ್ಕೆ ಕ್ಷಮೆ ಕೇಳೋದು. ಅದು ಮಂದ, ನಿಧಾನ, ಹೆಚ್ಚು ಕಡಿಮೆ ಪಿಸುಮಾತು. ಅದೇ ಮನುಷ್ಯ, ಅದೇ ಕಥಿ. ಎಲ್ಲಿ ಕೂಗ್ಬೇಕು, ಎಲ್ಲಿ ತಗ್ಗಬೇಕು ಅಂತ ಅವನಿಗೆ ಗೊತ್ತಿತ್ತು.

ಅಳಿಯಪ್ಪ, ನಗಬ್ಯಾಡ, ನಿನ್ ಪಾಳಿ. "ಭಾರ ಇಲ್ದಿದ್ರೆ ಅದು ಮೆಟಲ್ಲೇ ಅಲ್ಲ" ಅಂತ ಬರ್ದೀಯಲ್ಲ ಬೆಳಿಗ್ಗೆ 6 ಗಂಟಿಗೆ, ನಿದ್ದಿಗಣ್ಣಾಗೆ ಬರ್ದಿರ್ಬೇಕು. ನಿನ್ ಇನ್ನೊಂದು ದೇವ್ರು ಐತಲ್ಲ, ಸ್ವೀಡನ್‌ನ ಓಪೆತ್. 2011ರಾಗೆ ಆ ಗಂಟ್ಲು ಹರ್ಕೊಂಡು ಗುಟುರು ಹಾಕೋದನ್ನ ಬಿಟ್ರು. ನಿನ್ನಂಥೋರು ಹದಿಮೂರು ವರ್ಷ ಅತ್ರಿ. 2024ರಾಗೆ ಗುಟುರು ವಾಪಸ್ ಬಂತು. ಈಗ ಅಂತೀಯ, "ಬಂತು, ಆದ್ರೆ ಮೊದ್ಲಿನಂಗಿಲ್ಲ." ನಿಂಗೆ ಬೇಕಾಗಿರೋದು ಭಾರ ಅಲ್ಲಪ್ಪ, ನಿಂಗೆ ಮತ್ತೆ ಹದಿನೆಂಟು ವರ್ಷ ಆಗ್ಬೇಕು. ಅದನ್ನ ಯಾವ ಬ್ಯಾಂಡೂ ಕೊಡಂಗಿಲ್ಲ.

ಅಣ್ಣನ ಮದ್ವಿ ಗುಗ್ಗಳ ಯಾರ್ಯಾರಿಗೆ ನೆನಪೈತಿ? ಪುಟ್ಟಿ, ನಿಮ್ಮಪ್ಪಂದು, ನೀನಿನ್ನೂ ಹುಟ್ಟಿರ್ಲಿಲ್ಲ. ಮನೆದೇವ್ರು ವೀರಭದ್ರ ಅಂದ್ಮೇಲೆ ಪುರವಂತ್ರು ಬಂದೇ ಬರ್ತಾರೆ. ಸಮಾಳ ಬಡಿಯೋ ಸದ್ದು ಓಣಿ ತುಂಬಾ. ಹಂಗೇ ಬಡೀತಾ ಬಡೀತಾ ಇರೋವಾಗ ಪುರವಂತ ಕೈ ಎತ್ತಿದ. ಗಪ್. ಸಮಾಳ ನಿಂತೋತು. ಅಷ್ಟು ಜನದ ನಡುವೆ ಗುಗ್ಗಳದ ಬೆಂಕಿ ಚಟಚಟ ಅನ್ನೋದು ಕೇಳ್ತಿತ್ತು. ಆವಾಗ ಅವ್ನು ಗಂಟ್ಲಿನ ಬುಡದಿಂದ "ಅಹಹಾ ರುದ್ರಾ, ಅಹಹಾ ದೇವಾ" ಅಂತ ಒಡಪು ಎತ್ತಿದ. ಅದೇನು ಇಂಪಾದ ಕಂಠವಾ? ಅಲ್ಲ. ಯಾರಾದ್ರೂ "ಸ್ವಲ್ಪ ಮೆತ್ತಗೆ ಹಾಡಪ್ಪಾ" ಅಂದ್ರಾ? ಒಡಪು ಮುಗೀತಿದ್ದಂಗೆ ಸಮಾಳ ಮತ್ತೆ ಬಿತ್ತು ನೋಡ್ರಿ, ನಮ್ ದೊಡ್ಡಮ್ಮ ನನ್ ಕೈ ಗಟ್ಟಿ ಹಿಡ್ಕಂಡಿದ್ರು. ದೊಡ್ಡಮ್ಮ, ನೆನಪೈತಾ? ಮೊದಲು ಬಡಿದಿದ್ದೇ ಸಮಾಳ, ಆಮೇಲೆ ಬಡಿದಿದ್ದೂ ಅದೇ. ನಡುವೆ ಆ ಗಪ್ ಅಂದಿದ್ದೊಂದು ಇತ್ತಲ್ಲ.

'ಟ್ರೇನ್ ಆಫ್ ಥಾಟ್'ನಾಗೆ ಆ ಗಪ್ ಅನ್ನೋದು ಕಡಿಮೆ. ನನ್ ದೂರು ಅಷ್ಟೇಯ. 69 ನಿಮಿಷ, ಏಳು ಹಾಡು, ಗಿಟಾರ್ ಸೋಲೋ ಮೇಲೆ ಸೋಲೋ, ನೆಂಟ್ರ ಮನ್ಯಾಗೆ ಬ್ಯಾಡ ಬ್ಯಾಡ ಅಂದ್ರೂ ಹೋಳ್ಗಿ ಹಾಕಿದಂಗೆ. ಆದ್ರೆ ಐದನೇ ಹಾಡು ಕೇಳಿ ನೋಡು ಪುಟ್ಟಿ, ನೀನು ಅಲ್ಲಿ ತನಕ ಹೋಗೇ ಇಲ್ಲ ಅನ್ನಿಸ್ತೈತಿ. 'ವೇಕೆಂಟ್' ಅಂತ. ಮೂರೇ ನಿಮಿಷ. ಪಿಯಾನೋ, ಸೆಲ್ಲೋ, ಒಂದು ದನಿ. ಗಿಟಾರ್ ಆರ್ಭಟ ಇಲ್ಲವೇ ಇಲ್ಲ. ಅದು ಮುಗಿದ ಮೇಲೆ ಮಾತಿಲ್ದ ಹನ್ನೊಂದು ನಿಮಿಷದ ನುಡಿಸಾಣಿಕೆ ಶುರುವಾಗ್ತೈತಿ. ಅವೆರಡನ್ನ ಒಟ್ಟಿಗೆ ಕೇಳು, ಬೇರೆ ಐದು ಬಿಟ್ರೂ ಪರ್ವಾಗಿಲ್ಲ. ಅಳಿಯಪ್ಪ, ನೀನು ಯಾವಾಗ್ಲೂ 'ವೇಕೆಂಟ್' ಸ್ಕಿಪ್ ಮಾಡ್ತೀಯ, ಕಾರಿನಾಗೆ ನಾನೇ ನೋಡೀನಿ. ಅದಕ್ಕೇ ನಿಂಗೆ ಮುಂದಿಂದು ಬರೇ ಸ್ಪೀಡ್ ಆಗಿ ಕೇಳ್ತೈತಿ.

ಹೊಸ 'ಪ್ಯಾರಾಸೋಮ್ನಿಯಾ' ಬಗ್ಗೆ ಕೇಳಿದ್ರಿ. ನಾಕು ಸಲ ಕೇಳೀನಿ. ಭಾರ ಐತಿ, ಬೇಸ್ ಕೇಳ್ತೈತಿ, ಕೀಬೋರ್ಡಿಗೆ ಜಾಗ ಕೊಟ್ಟಾರೆ. ನಂಗೆ ಹಿಡಿಸ್ತು. ಹತ್ತು ವರ್ಷ ಆದ್ಮೇಲೂ ಹಚ್ಚಿ ಕೇಳ್ತೀನಾ ಅಂದ್ರೆ, ಗೊತ್ತಿಲ್ಲಪ್ಪ. 2003ರದ್ದನ್ನ ಬೈಕಂತ ಬೈಕಂತ ಇಪ್ಪತ್ತು ವರ್ಷ ಕೇಳೀನಿ.

ಸಾಕು, ಗಿರಾಕಿ ಬಂದ್ರು. ಭಾವ, ನಿಮ್ ಮೋಟರ್ ನಿನ್ನೆ ರಾತ್ರೀನೇ ರೆಡಿ. ಮೂರು ಸ್ಟಾರ್ಟಿಂಗ್ ಕಾಯ್ಲ್ ಸುಟ್ಟಿದ್ವು, ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತೀನಿ. ನೀರಾಗೆ ಇಳಿಸಿ ಅರ್ಧ ಗಂಟೆ ಓಡಿಸ್ದೆ, ಬಿಸಿ ಇಲ್ಲ, ಸದ್ದು ಹದವಾಗಿ ಗುಂಯ್ ಅಂತೈತಿ. ಸಂಜೆ ಗಾಡಿ ಕಳಿಸ್ರಿ. ಅಳಿಯಪ್ಪನ್ನೇ ಕಳಿಸ್ರಿ, ಭಾರದ್ದು ಅಂದ್ರೆ ಅವ್ನಿಗೆ ಬಾಳ ಇಷ್ಟ.