ಹಳೆಯ ಮುದ್ರಣಗಳ ಸರ್ಕೇಶಿಯನ್ನರು: ಉಡುಪು ನೋಡಿ ಅಂತಸ್ತು ಹೇಳಬಹುದಾ?

ಮುದ್ರಣಪ್ರಿಯ: 1793–94ರಲ್ಲಿ ಕಾಕಸಸ್ ಕಡೆ ತಿರುಗಾಡಿದ ನಿಸರ್ಗಶಾಸ್ತ್ರಜ್ಞ ಪಲ್ಲಾಸ್ ಜೊತೆ ಗೈಸ್ಲರ್ ಎಂಬ ಚಿತ್ರಕಾರ ಇದ್ದ. ಅಲ್ಲಿನ ಸರ್ಕೇಶಿಯನ್ ಜನಾಂಗದ ಬಗ್ಗೆ ಅವನು ಬರೆದ ಚಿತ್ರಗಳ ಕುರಿತು ಒಂದು ಮಾತು. ಸರ್ಕೇಶಿಯನ್ನರಲ್ಲಿ ಎಲ್ಲರಿಗಿಂತ ಮೇಲೆ ಪ್ಶಿ, ಅಂದರೆ ರಾಜಮನೆತನ. ಆಮೇಲೆ ವರ್ಕ್ ಎಂಬ ಕುಲೀನರು. ಕೆಳಗೆ ರೈತರು, ಜೀತದವರು. ಪಲ್ಲಾಸ್ ಪ್ರಕಾರ ಕೆಂಪು ಜೋಡು ರಾಜಮನೆತನಕ್ಕೆ, ಹಳದಿ ಕುಲೀನರಿಗೆ, ಸಾದಾ ಚರ್ಮದ್ದು ಉಳಿದವರಿಗೆ. ಕಾಲು ನೋಡಿದರೆ ಸಾಕು.

ಕುಂಚದಾರ: "ಕಾಲು ನೋಡಿದರೆ ಸಾಕು" ಅಂತೀರಲ್ಲ, ಬಣ್ಣ ಹಾಕಿದವರು ಯಾರು? ತಾಮ್ರದ ತಗಡಿನಿಂದ ಅಚ್ಚಾಗುವುದು ಬರೀ ಗೆರೆ. ಬಣ್ಣವನ್ನು ಆಮೇಲೆ ಯುರೋಪಿನಲ್ಲಿ ಕೂತು ಒಂದೊಂದು ಹಾಳೆಗೂ ಕೈಯಿಂದ ಹಚ್ಚುತ್ತಿದ್ದರು. ಒಂದೇ ಚಿತ್ರದ ಎರಡು ಪ್ರತಿಗಳ ಬಣ್ಣ ಬೇರೆ ಇರಬಹುದು.

ಮುದ್ರಣಪ್ರಿಯ: "ಇರಬಹುದು" ಪುರಾವೆಯಾ? ಮಾದರಿ ಹಾಳೆ ಮುಂದಿಟ್ಟುಕೊಂಡೇ ಹಚ್ಚುತ್ತಿದ್ದರು.

ಕುಂಚದಾರ: ಮಾದರಿ! ಎಷ್ಟೋ ಹಾಳೆಗಳಿಗೆ ಮುಂದೆ ವ್ಯಾಪಾರಿಗಳೇ ಬೆಲೆ ಬರಲಿ ಅಂತ ಬಣ್ಣ ಹಾಕಿಸಿದ್ದಾರೆ. ಕೆಂಪು ಜೋಡಿನ ಗೆರೆ ದಾಟಿ ಹುಲ್ಲಿಗೂ ಹರಿದಿರುವ ಹಾಳೆ ನೋಡಿಲ್ವಾ?

ಸುಮಾ_ಓದು: ಬಣ್ಣ ಬಿಡಿ. ಎದೆ ಮೇಲಿನ ಗಜೀರ್ ಸಾಲು ನೋಡಿ. ಅಳೆದ ಮದ್ದು ತುಂಬಿಡುವ ಕೊಳವೆಗಳು ಅವು. ಬೆಳ್ಳಿಯ ತುದಿ ಇದ್ದರೆ ಅನುಕೂಲಸ್ಥ. ಮೈಮೇಲೆ ಉಕ್ಕಿನ ಬಲೆ ಅಂಗಿ ಇದ್ದರಂತೂ ಕುಲೀನನೇ.

ಕುಂಚದಾರ: "ಬಣ್ಣ ಬಿಡಿ" ಅಂದರೆ ಹೇಗೆ ಬಿಡಲಿ? ಬೆಳ್ಳಿಯೋ ಮೂಳೆಯೋ ಅನ್ನುವುದೂ ಬಣ್ಣದಿಂದಲೇ ತಿಳಿಯಬೇಕು!

ಮುದ್ರಣಪ್ರಿಯ: ಪ್ರತಿಯೊಂದಕ್ಕೂ ಬಣ್ಣ, ಬಣ್ಣ. ಪಲ್ಲಾಸ್ ಬರೆದದ್ದು ಅಕ್ಷರದಲ್ಲಿ. ಅಕ್ಷರಕ್ಕೂ ಯಾರೋ ಬಣ್ಣ ಹಚ್ಚಿದರಾ?

ಬೆಟ್ಟದವ: ನೀವೆಲ್ಲ ಪೂರ್ವದ ಭಾಗವಾದ ಕಬರ್ಡಾವನ್ನೇ ಇಡೀ ಸರ್ಕೇಶಿಯಾ ಅಂದುಕೊಂಡಿದ್ದೀರಿ. ಪಶ್ಚಿಮದ ಶಾಪ್ಸುಗ್, ಅಬಾದ್ಜೆಖ್ ಜನರ ಮೇಲೆ ರಾಜರ ಆಳ್ವಿಕೆ ಇರಲಿಲ್ಲ. 1796ರ ಬ್ಜಿಯುಕ್ ಕಾಳಗದಲ್ಲಿ ರೈತರು ಕುಲೀನರ ಎದುರು ನಿಂತರು. ಸೋತರೂ ಕುಲೀನರ ಹಿಡಿತ ಸಡಿಲವಾಯಿತು. ಅಲ್ಲಿ ಜೋಡಿನ ಕಟ್ಟಳೆ ಯಾರು ಕೇಳಬೇಕು?

ಮುದ್ರಣಪ್ರಿಯ: "ಸೋತರೂ". ನೀವೇ ಹೇಳಿದಿರಿ, ಸೋತರು.

ಬೆಟ್ಟದವ: ಒಂದು ಪದ ಹಿಡ್ಕೊಂಡು ಸುಮ್ನೆ ಎಳೀಬೇಡಿ ಸ್ವಾಮಿ. ಅಲ್ಲಿ ಜನ ಸತ್ತಿದ್ದಾರೆ.

ಸುಮಾ_ಓದು: ಬಲೆ ಅಂಗಿ ಬಗ್ಗೆ ಯಾರೂ ಉತ್ತರಿಸಲಿಲ್ಲ. ಅದು ಗೆರೆಯಲ್ಲೇ ಕಾಣುತ್ತದೆ, ಬಣ್ಣ ಬೇಡ.

ಕುಂಚದಾರ: ಮುದ್ರಣಪ್ರಿಯ, ಬಣ್ಣ ಹಚ್ಚದ ಪ್ರತಿ ಒಂದನ್ನು ಹಾಕಿ. ಅದರಲ್ಲಿ ರಾಜಕುಮಾರ ಯಾರು ಅಂತ ಕಾಲು ನೋಡಿ ಹೇಳಿ. ಅಲ್ಲಿತನಕ ನಾನು ಒಪ್ಪಲ್ಲ.